ಅಭ್ಯರ್ಥಿಯಿಲ್ಲದ ಮತದಾರ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯ ಓಣಿಗಳಲ್ಲಿ ಮನೆ ಎಲ್ಲಿ ಮುಗಿದು ಮಗ್ಗ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಒಂದೇ ಗೋಡೆಯ ಈಚೆ ಒಲೆ, ಆಚೆ ಎರಡೋ ನಾಲ್ಕೋ ವಿದ್ಯುತ್ ಮಗ್ಗ. ಬೀಮಿನಿಂದ ಬಿಚ್ಚಿಕೊಂಡು ಬರುವ ಹಾಸಿನಲ್ಲಿ ಒಂದೆಳೆ ಹರಿದರೆ ಮಗ್ಗ ನಿಲ್ಲಿಸಿ, ಹರಿದ ತುದಿಗಳನ್ನು ಬೆರಳಲ್ಲೇ ಹೊಸೆದು ಗಂಟು ಹಾಕಿ, ಮತ್ತೆ ಲಾಳಿ ಓಡಿಸಬೇಕು. ಮತದಾನದ ಮರುದಿನ ಹಾಗೆ ಗಂಟು ಹಾಕುವ ತೋರುಬೆರಳಿನ ಉಗುರಿನ ಮೇಲೆ ಮೈಸೂರಿನ ಶಾಯಿಯ ಕಪ್ಪು ಗೆರೆ ಇರುತ್ತದೆ. ಆ ಗೆರೆ ಹಾಕಿಸಿಕೊಂಡವರಲ್ಲಿ ಮಜೂರಿಯ ಮಾತನ್ನು ಜಾತಿಯ ಮಾತಿಗಿಂತ ಮುಂದಿಡುವವರು, ಗುಡಿ ಮಸೀದಿ ಮಠಗಳ ಜಗಳವನ್ನು ಮತಗಟ್ಟೆಯ ಹೊರಗೆ ಬಿಟ್ಟುಬರಬೇಕು ಎನ್ನುವವರು ಇದ್ದಾರೆ. ಅವರು ತಮ್ಮನ್ನು ಸೆಕ್ಯುಲರ್ ಎಂದಾಗಲಿ ಎಡಪಂಥೀಯರು ಎಂದಾಗಲಿ ಕರೆದುಕೊಳ್ಳದೆ ಇರಬಹುದು, ಆದರೆ ಆ ಹೆಸರು ಅವರಿಗೆ ಸಲ್ಲುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ತೇರದಾಳ ಕ್ಷೇತ್ರಗಳಿಂದ ಇಂದಿನ ತನಕ ಒಬ್ಬ ಕಮ್ಯುನಿಸ್ಟ್ ಶಾಸಕನೂ ಗೆದ್ದುಹೋಗಿಲ್ಲ. ಹಾಗಿದ್ದರೆ ಇವರ ಮತ ಯಾರಿಗೆ ಹೋಗುತ್ತ ಬಂದಿದೆ, ಯಾವ ಲೆಕ್ಕದಲ್ಲಿ ಹೋಗಬೇಕು? ನನ್ನ ವಾದ ಇಷ್ಟು. ತನ್ನ ಬೇಡಿಕೆಯನ್ನು ಯಾರ ಮುಂದೆ ಇಟ್ಟರೆ ಅದು ಕಾನೂನಾಗುವ ಸಾಧ್ಯತೆಯಿದೆ, ಯಾರ ಆಳ್ವಿಕೆಯಲ್ಲಿ ಧರಣಿ ಕೂತವರು ಧರಣಿ ಮುಗಿಸಿ ಸುರಕ್ಷಿತವಾಗಿ ಮನೆಗೆ ಮರಳಬಹುದು ಎಂದು ನೋಡಿ ಮತ ಕೊಡುವುದೇ ಈ ಸೀಮೆಯ ಎಡಪಂಥದ ನಿಜವಾದ ಚರಿತ್ರೆ. ಅದನ್ನು ಅವಕಾಶವಾದ ಎಂದು ಹಳಿಯುವವರ ಮುಂದೆ 75 ವರ್ಷಗಳ ದಾಖಲೆಯನ್ನು ಇಡಬಹುದು.

ಇಷ್ಟೊಂದು ನೇಕಾರರಿರುವ ಊರುಗಳಲ್ಲಿ ಎಡಪಕ್ಷ ಯಾಕೆ ಬೇರೂರಲಿಲ್ಲ ಎಂಬ ಪ್ರಶ್ನೆಗೆ ಸೊಲ್ಲಾಪುರದ ಕಡೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಅದೂ ನೇಯ್ಗೆಯ ಊರೇ, ಕನ್ನಡ ಮಾತಾಡುವ ಊರೂ ಹೌದು. ಅಲ್ಲಿ ದೊಡ್ಡ ಗಿರಣಿಗಳಿದ್ದವು, ಗಿರಣಿಯ ಬಾಗಿಲಿತ್ತು, ಬಾಗಿಲ ಮುಂದೆ ಸಾವಿರಾರು ಕಾಮಗಾರರು ಒಮ್ಮೆಗೇ ನಿಲ್ಲುತ್ತಿದ್ದರು. 1930ರಲ್ಲಿ ಆ ಊರಿಗೆ ಬ್ರಿಟಿಷರು ಮಾರ್ಷಲ್ ಲಾ ಹಾಕಿದರು. 1931ರ ಜನವರಿ 12ರಂದು ಗಲ್ಲಿಗೇರಿದ ನಾಲ್ವರಲ್ಲಿ ಮಲ್ಲಪ್ಪ ಧನಶೆಟ್ಟಿ ಒಬ್ಬರು, ಕುರ್ಬಾನ್ ಹುಸೇನ್ ಇನ್ನೊಬ್ಬರು. ಆ ನೆಲದಿಂದಲೇ ಮುಂದೆ ಸಿಪಿಎಂನ ನರಸಯ್ಯ ಆಡಂ 1978, 1995, 2004ರಲ್ಲಿ ಮೂರು ಸಲ ಮಹಾರಾಷ್ಟ್ರ ವಿಧಾನಸಭೆಗೆ ಆರಿಸಿ ಹೋದರು. ರಬಕವಿ-ಬನಹಟ್ಟಿಯಲ್ಲಿ ಅಂಥ ಬಾಗಿಲಿಲ್ಲ. ಮಾಲೀಕ ನೂಲು ಕೊಡುತ್ತಾನೆ, ನೇಯ್ದ ಸೀರೆ ಒಯ್ಯುತ್ತಾನೆ, ವಾರದ ಬಟವಾಡೆ ಮಾಡುತ್ತಾನೆ. ಅವನೂ ಕೂಲಿ ನೇಕಾರನೂ ಒಂದೇ ಓಣಿಯವರು. ಹಟಗಾರ, ದೇವಾಂಗ, ಕುರುಹಿನಶೆಟ್ಟಿ, ಸ್ವಕುಳಸಾಳಿ ಎಂದು ಹಲವು ಸಮಾಜಗಳಿರುವಲ್ಲಿ ಎಷ್ಟೋ ಸಲ ಇಬ್ಬರೂ ಒಂದೇ ಸಮಾಜದವರು, ಮಗಳ ಮದುವೆಗೆ ಮುಂಗಡ ಕೊಡುವವನೂ ಅದೇ ಮಾಲೀಕ. ಇಲ್ಲಿ ಮಜೂರಿ ಹೆಚ್ಚಿಸಬೇಕೆಂದು ಮುಷ್ಕರ ನಡೆಯುತ್ತದೆ, ಮಗ್ಗಗಳ ಸದ್ದು ನಿಲ್ಲುತ್ತದೆ, ಮಾತುಕತೆಯಾಗಿ ಒಪ್ಪಂದವೂ ಆಗುತ್ತದೆ. ಆದರೆ ಮುಷ್ಕರದ ಬಾವುಟ ಮತಗಟ್ಟೆಯವರೆಗೆ ನಡೆದುಹೋಗುವುದಿಲ್ಲ.

ಇನ್ನರ್ಧ ಉತ್ತರ ಸಂಸ್ಥಾನಗಳ ಕಾಲದ್ದು. ಬನಹಟ್ಟಿ ಜಮಖಂಡಿಯ ಪಟವರ್ಧನರಿಗೆ ಸೇರಿತ್ತು, ಕೂಗಳತೆಯ ರಬಕವಿ ಸಾಂಗಲಿಯ ಪಟವರ್ಧನರಿಗೆ, ಮುಧೋಳ ಘೋರ್ಪಡೆಯವರಿಗೆ. ಬೀಳಗಿ ಬ್ರಿಟಿಷ್ ಬಿಜಾಪುರ ಜಿಲ್ಲೆಯೊಳಗಿತ್ತು. ಒಂದು ದಿನದ ನಡಿಗೆಯಲ್ಲಿ ನಾಲ್ಕು ಸರ್ಕಾರ ದಾಟಬೇಕಾಗಿದ್ದ ಈ ಸೀಮೆಯಲ್ಲಿ ಜನ ಕಲಿತ ಮೊದಲ ರಾಜಕೀಯ ಪಾಠ ಪಕ್ಷದ್ದಾಗಿರಲಿಲ್ಲ, ಬೇಡಿಕೆಯದ್ದಾಗಿತ್ತು: ಪ್ರಜೆಗಳಿಗೆ ಉತ್ತರ ಕೊಡುವ ಸರ್ಕಾರ ಬೇಕು ಎಂದು ವಾಡೆಯ ಮುಂದೆ ಕೇಳುವುದು. ಆ ಪಾಠದಿಂದ ಬೆಳೆದವರೇ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ. ಅವರು ಜಮಖಂಡಿ ಸಂಸ್ಥಾನದ ಮಂತ್ರಿಯಾದರು, ಮುಖ್ಯಮಂತ್ರಿಯಾದರು. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಜತ್ತಿಯವರು ಎಡಪಂಥೀಯರಲ್ಲ. ಕಾಂಗ್ರೆಸ್ಸಿನ ನಡುದಾರಿಯ ಮನುಷ್ಯ, ಮುಂದೆ ಬಸವ ಸಮಿತಿ ಕಟ್ಟಿದ ಶರಣನಿಷ್ಠರು. ಆದರೂ ಈ ಕಥೆಯಲ್ಲಿ ಅವರು ನಡುಮಧ್ಯೆ ನಿಲ್ಲುವುದು ಒಂದು ಸಮಿತಿಯ ಕಾರಣಕ್ಕೆ. ಏಕೀಕರಣವಾದ ಹೊಸತರಲ್ಲಿ ಮೈಸೂರು ರಾಜ್ಯದ ಗೇಣಿ ಕಾನೂನುಗಳನ್ನು ಒಂದು ಮಾಡಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಉಳುವವನಿಗೆ ಭೂಮಿ ಎಂಬ ಕೂಗು ಮಲೆನಾಡಿನಲ್ಲಿ 1951ರ ಕಾಗೋಡು ಸತ್ಯಾಗ್ರಹವಾಗಿ ಎದ್ದು, 1952ರಲ್ಲಿ ಶಾಂತವೇರಿ ಗೋಪಾಲಗೌಡರನ್ನು ಶಾಸನಸಭೆಗೆ ಕಳಿಸಿತ್ತು. ಕೃಷ್ಣಾ ತೀರದಲ್ಲಿ ಅದೇ ಕೂಗು ಆಳುವ ಪಕ್ಷದೊಳಗೆ ಸಮಿತಿಯಾಗಿ, ವರದಿಯಾಗಿ, 1961ರ ಭೂ ಸುಧಾರಣಾ ಕಾಯ್ದೆಯಾಗಿ ತಣ್ಣಗೆ ಹರಿಯಿತು. ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ನಡುವಿನ ವರ್ಷಗಳಲ್ಲಿ ಎಷ್ಟು ಗೇಣಿದಾರರು ಹೊಲ ಬಿಟ್ಟೇಳಬೇಕಾಯಿತೋ! ಸ್ವಂತ ಸಾಗುವಳಿಗೆ ಬೇಕು ಎಂದು ಒಡೆಯ ಜಮೀನು ಬಿಡಿಸಿಕೊಳ್ಳುವ ದಾರಿಯನ್ನು ಆ ಕಾಯ್ದೆಯೇ ತೆರೆದಿಟ್ಟಿತ್ತು. ಕಾಯ್ದೆಯ ಹೆಸರು ಎಡಕ್ಕಿತ್ತು, ಒಳಗಿನ ಕಲಂ ಬಲಕ್ಕಿತ್ತು. ಆ ಕಲಂ ಬದಲಾಗಲು ಹದಿಮೂರು ವರ್ಷ ಬೇಕಾಯಿತು. 1974ರ ಮಾರ್ಚ್ 1ರಿಂದ ಜಾರಿಯಾದ ದೇವರಾಜ ಅರಸರ ತಿದ್ದುಪಡಿಯಲ್ಲಿ ಗೇಣಿಗಿದ್ದ ಜಮೀನೆಲ್ಲ ಸರ್ಕಾರದ್ದಾಯಿತು. ಲಾವಣಿಗೆ ಹೊಲ ಮಾಡುತ್ತಿದ್ದವನು ಫಾರಂ ನಂಬರ್ 7 ತುಂಬಿ, ವಕೀಲರಿಗೆ ಪ್ರವೇಶವಿಲ್ಲದ ಭೂ ನ್ಯಾಯಮಂಡಳಿಯ ಮುಂದೆ ತಾನೇ ನಿಂತು, ಈ ಹೊಲ ನಾನು ಉಳುತ್ತಿದ್ದೇನೆ ಎಂದು ಹೇಳಬಹುದಾಯಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಒಂದು ಹಾಳೆಯ ಫಾರಂ, ಕೆಳಗೆ ಹೆಬ್ಬೆಟ್ಟಿನ ಗುರುತು. ಈ ರಾಜ್ಯದ ಎಡಪಂಥದ ಅತಿ ದೊಡ್ಡ ಗೆಲುವು ಇದೇ ಎಂದು ನಾನು ತಿಳಿದಿದ್ದೇನೆ. ಅದನ್ನು ಕೊಟ್ಟದ್ದು ಎಡಪಕ್ಷವಲ್ಲ. ಆದರೆ ಸಮಾಜವಾದಿಗಳ ಸತ್ಯಾಗ್ರಹ, ಬಂಟ್ವಾಳದಿಂದ 1972ರಲ್ಲಿ ಗೆದ್ದು ಬಂದ ಬಿ.ವಿ. ಕಕ್ಕಿಲ್ಲಾಯರಂಥ ಕಮ್ಯುನಿಸ್ಟರು ಹಾಗೂ ರೈತ ಸಂಘಟನೆಗಳ ಒತ್ತಾಯ ಇಲ್ಲದೆ ಆ ಕಲಂ ತಾನಾಗಿಯೇ ತಿರುಗುತ್ತಿರಲಿಲ್ಲ.

ಇನ್ನು ಎಲ್ಲಕ್ಕಿಂತ ಕಠಿಣವಾದ ಗಳಿಗೆ. ಹೊಲ ಕೊಟ್ಟ ಅದೇ ಕಾಂಗ್ರೆಸ್ಸು 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಹೇರಿತು. ಬೆಂಗಳೂರಿನ ಜೈಲಿನಲ್ಲಿ ಸಮಾಜವಾದಿಗಳೂ ಇದ್ದರು, ವಾಜಪೇಯಿ, ಅಡ್ವಾಣಿಯವರೂ ಇದ್ದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಆ ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಸಿಪಿಐ ತುರ್ತುಪರಿಸ್ಥಿತಿಯನ್ನು ಬೆಂಬಲಿಸಿತ್ತು, ಸಿಪಿಎಂ ವಿರೋಧಿಸಿತ್ತು. ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆ ನಡೆದಾಗ ಉತ್ತರ ಭಾರತ ಕಾಂಗ್ರೆಸ್ಸನ್ನು ಒರೆಸಿಹಾಕಿತು, ಕರ್ನಾಟಕ 28ರಲ್ಲಿ 26 ಸ್ಥಾನ ಅದಕ್ಕೇ ಕೊಟ್ಟಿತು. ಆಗ ಹಂಗಾಮಿ ರಾಷ್ಟ್ರಪತಿಯಾಗಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಸಾವಳಗಿಯ ಜತ್ತಿಯವರೇ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಆದೇಶಕ್ಕೆ ಅವರು ತಕ್ಷಣ ಸಹಿ ಹಾಕದೆ ತಡೆದದ್ದೂ, ಕೊನೆಗೆ ಹಾಕಿದ್ದೂ ಆ ವಸಂತದಲ್ಲೇ. ಒಂದು ಕೈಯಲ್ಲಿ ಫಾರಂ 7, ಇನ್ನೊಂದು ಕೈಯಲ್ಲಿ ಜೈಲಿನ ಸುದ್ದಿ ಹಿಡಿದ ಬಡ ಮತದಾರ ಏನು ಮಾಡಬೇಕಿತ್ತು?

ಕರ್ನಾಟಕದ ಬಡವರು ದಡ್ಡರಾಗಿ ಕಾಂಗ್ರೆಸ್ಸಿಗೆ ಹಾಕಿದರು ಎಂದು ಅಂದು ಹಲವರು ಬರೆದರು. ಅದನ್ನು ನಾನು ಒಪ್ಪುವುದಿಲ್ಲ, ಅವರು ತಮಗೆ ಕಂಡ ಸರ್ಕಾರವನ್ನು ಅಳೆದು ಹಾಕಿದರು. ಆದರೂ 1977ರ ಮಾರ್ಚ್‌ನ ಆ ಮತ ತಪ್ಪಾಗಿತ್ತು ಎಂದೇ ನನ್ನ ತೀರ್ಮಾನ. ಕಾರಣ ಜನತಾ ಪಕ್ಷದ ಗುಣವಲ್ಲ. ಲೋಕಸಭೆಯ ಆ ಚುನಾವಣೆಯಲ್ಲಿ ಕೇಳುತ್ತಿದ್ದ ಪ್ರಶ್ನೆ ಭೂಮಿಯದ್ದಾಗಿರಲಿಲ್ಲ, ಕೇಳುವ ಹಕ್ಕು ಉಳಿಯುತ್ತದೆಯೇ ಎಂಬುದಾಗಿತ್ತು. ಕೇಳುವವನನ್ನು ಒಳಗೆ ಹಾಕುವ ಸರ್ಕಾರ ಇಂದು ಕೊಟ್ಟ ಹೊಲವನ್ನು ನಾಳೆ ಕಸಿದರೂ ಕೇಳುವವರಿಲ್ಲ. ಅದೇ ಮತದಾರ ಹನ್ನೊಂದು ತಿಂಗಳ ನಂತರ, 1978ರ ಫೆಬ್ರವರಿಯಲ್ಲಿ, ವಿಧಾನಸಭೆಗೆ ಅರಸರ ಪಕ್ಷವನ್ನು ಆರಿಸಿದ್ದು ಸರಿಯಾಗಿತ್ತು. ಆಗ ತುರ್ತುಪರಿಸ್ಥಿತಿ ಮುಗಿದಿತ್ತು, ನ್ಯಾಯಮಂಡಳಿಗಳ ಮುಂದೆ ಅರ್ಜಿಗಳು ಇನ್ನೂ ಬಾಕಿಯಿದ್ದವು. ಒಂದೇ ಬೆರಳು ಒಂದೇ ವರ್ಷದಲ್ಲಿ ಎರಡು ಬೇರೆ ಚಿಹ್ನೆಗಳ ಮೇಲೆ ಮುದ್ರೆ ಒತ್ತಿದರೆ ನಿಷ್ಠೆ ಕೆಡುತ್ತದೆ ಎನ್ನುವವರು, ನಿಷ್ಠೆ ಯಾರಿಗೆ ಎಂಬುದನ್ನು ಮೊದಲು ಹೇಳಬೇಕು.

ಈ ಜಾಣತನವನ್ನು ಕನ್ನಡಿಗರು ಬೇಗ ಕಲಿತರು. 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗುಂಡು ಹಾರಿತು. ರೈತ ಸಂಘ ಹುಟ್ಟಿತು. 1983ರ ಜನವರಿಯಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ರಾಜ್ಯ ಕಳೆದುಕೊಂಡಾಗ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರಕ್ಕೆ ಬಹುಮತವಿರಲಿಲ್ಲ. 18 ಶಾಸಕರ ಬಿಜೆಪಿ, ತಲಾ ಮೂವರು ಶಾಸಕರಿದ್ದ ಸಿಪಿಐ, ಸಿಪಿಎಂ ಮೂರೂ ಅದನ್ನು ಹೊರಗಿನಿಂದ ಎತ್ತಿ ಹಿಡಿದವು. ಇಂದು ಯೋಚಿಸಿದರೂ ಅಚ್ಚರಿಯಾಗುವ ಈ ಸಂಗತಿಯನ್ನು ಎಡಪಂಥೀಯರು ಮುಜುಗರದಿಂದ ಮುಚ್ಚಿಡಬೇಕಾಗಿಲ್ಲ. ಅದೇ ಸರ್ಕಾರದ ಕಾಲದಲ್ಲಿ ಜಿಲ್ಲಾ ಪರಿಷತ್ತಿನ ಕಾನೂನು ಬಂತು, ಮಹಿಳೆಯರಿಗೆ ನಾಲ್ಕನೇ ಒಂದು ಪಾಲು ಸ್ಥಾನ ಮೀಸಲಾಯಿತು, ಅಬ್ದುಲ್ ನಜೀರ್ ಸಾಹೇಬರು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ನೀರ್ ಸಾಬ್ ಎನಿಸಿಕೊಂಡರು. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಕನ್ನಡಿಗರು ಮೂರೇ ತಿಂಗಳಲ್ಲಿ ವಿಧಾನಸಭೆಗೆ ಜನತಾ ಪಕ್ಷದ 139 ಜನರನ್ನು ಗೆಲ್ಲಿಸಿದರು. ಬಿಜೆಪಿ 18ರಿಂದ ಎರಡಕ್ಕೆ ಇಳಿಯಿತು. ದೆಹಲಿಯ ಮತ ಬೇರೆ, ಬೆಂಗಳೂರಿನ ಮತ ಬೇರೆ ಎಂದು ಲೆಕ್ಕ ಹಾಕುವ ವಿದ್ಯೆ ಪುಸ್ತಕ ಓದಿದವರಿಂದ ಬಂದದ್ದಲ್ಲ.

ಜಮಖಂಡಿ ಸೀಮೆ ಹೆಗಡೆಯವರಿಗೇ ಒಂದು ಪಾಠ ಕಲಿಸಿತು. ಕೃಷ್ಣೆ ಪಕ್ಕದಲ್ಲೇ ಹರಿಯುತ್ತಿದ್ದರೂ ಬೇಸಿಗೆಯಲ್ಲಿ ಹೊಲ ಒಣಗುತ್ತಿತ್ತು. ಸರ್ಕಾರಕ್ಕಾಗಿ ಕಾದು ಬೇಸತ್ತ ದಂಡೆಯ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರು. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು, ಮಾಜಿ ಮುಖ್ಯಮಂತ್ರಿ ಹೆಗಡೆಯವರನ್ನೇ ಸೋಲಿಸಿದರು. ಜನತಾದಳ ಅಂದು ಮಂಡಲ್ ವರದಿಯ ಪಕ್ಷ, ದೇಶದ ಎಡಪಕ್ಷಗಳ ಮಿತ್ರ. ಬರೀ ಪಕ್ಷದ ಹಣೆಪಟ್ಟಿ ನೋಡುವ ಎಡಪಂಥೀಯ ಹೆಗಡೆಯವರಿಗೇ ಹಾಕಬೇಕಿತ್ತು. ಆದರೆ ನೂರಾರು ಕೈಗಳು ಸೇರಿ ಕಟ್ಟಿದ ಬ್ಯಾರೇಜು ಯಾವ ಪ್ರಣಾಳಿಕೆಗಿಂತ ಕಡಿಮೆ ಎಡಪಂಥೀಯ? ಒಟ್ಟುಗೂಡಿದ ಶ್ರಮ, ಹಂಚಿಕೊಂಡ ನೀರು, ಸರ್ಕಾರವನ್ನು ನಾಚಿಸಿದ ಕೆಲಸ. ಆ ವರ್ಷ ದಂಡೆಯ ರೈತರು ಮತ ಹಾಕಿದ್ದು ತಮ್ಮದೇ ಬೆವರಿಗೆ.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ. ಹೀಗೆ ಪ್ರತಿ ಸಲ ಇದ್ದವರಲ್ಲೇ ಯಾರೋ ಒಬ್ಬರಿಗೆ ಹಾಕುತ್ತ ಹೋದರೆ ಎಡಪಕ್ಷ ಎಂದು ಬೆಳೆಯಬೇಕು? ಈ ಆಕ್ಷೇಪಕ್ಕೆ ಅತ್ಯಂತ ಬಲವಾದ ಸಾಕ್ಷಿ ಈಚೆಗೆ ಕೆನಡಾದಲ್ಲಿ ಸಿಕ್ಕಿದೆ. ಅಲ್ಲಿಯೂ ನಮ್ಮಂತೆಯೇ ಹೆಚ್ಚು ಮತ ಬಂದವನು ಗೆಲ್ಲುವ ಪದ್ಧತಿ. ಅಲ್ಲಿಯ ಎಡದ ಪಕ್ಷ ಎನ್‌ಡಿಪಿ ಒಮ್ಮೆಯೂ ದೇಶ ಆಳಿಲ್ಲ. ಆದರೂ ಅದರ ಹಿರಿಯ ಟಾಮಿ ಡಗ್ಲಸ್ ಸಸ್ಕಾಚೆವಾನ್ ಪ್ರಾಂತದಲ್ಲಿ ಹಾಕಿದ ಬುನಾದಿಯ ಮೇಲೆ 1962ರಲ್ಲಿ ಸಾರ್ವಜನಿಕ ಆರೋಗ್ಯ ವಿಮೆ ಶುರುವಾಯಿತು, 1966ರಲ್ಲಿ ಬಹುಮತವಿಲ್ಲದ ಲಿಬರಲ್ ಸರ್ಕಾರ ಅದನ್ನು ಇಡೀ ದೇಶದ ಕಾನೂನು ಮಾಡಿತು. 2022ರಲ್ಲಿ ಇನ್ನೊಂದು ಬಹುಮತವಿಲ್ಲದ ಲಿಬರಲ್ ಸರ್ಕಾರಕ್ಕೆ ಬೆಂಬಲ ಕೊಟ್ಟು ಅದೇ ಪಕ್ಷ ಬಡವರ ಹಲ್ಲಿನ ಚಿಕಿತ್ಸೆಯ ಯೋಜನೆ ತರಿಸಿತು. 2025ರ ಏಪ್ರಿಲ್ 28ರ ಚುನಾವಣೆಯಲ್ಲಿ ಕನ್ಸರ್ವೇಟಿವರನ್ನು ತಡೆಯಬೇಕೆಂದು ಎಡ ಮತದಾರರು ದೊಡ್ಡ ಸಂಖ್ಯೆಯಲ್ಲಿ ಲಿಬರಲರ ಕಡೆ ಸರಿದರು. ಎನ್‌ಡಿಪಿಗೆ ಬಂದದ್ದು ಶೇ 6ರಷ್ಟು ಮತ, 7 ಸ್ಥಾನ. ಸಂಸತ್ತಿನಲ್ಲಿ ಅಧಿಕೃತ ಪಕ್ಷ ಎನಿಸಿಕೊಳ್ಳಲು ಬೇಕಾದ 12 ಕೂಡ ಇಲ್ಲ. ನಾಯಕ ಜಗ್ಮೀತ್ ಸಿಂಗ್ ತಮ್ಮ ಕ್ಷೇತ್ರದಲ್ಲೇ ಸೋತರು. ಬೇಡಿಕೆ ಇಡುವ ಪಕ್ಷವೇ ಕರಗಿದರೆ ಮುಂದಿನ ಬೇಡಿಕೆ ಯಾರು ಇಡಬೇಕು ಎಂಬುದು ಅಲ್ಲಿಯ ಎಡಪಂಥೀಯರ ಇಂದಿನ ಚಿಂತೆ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ.

ಆದರೆ ಇದಕ್ಕೆ ಎದುರಾಗಿ ಕನ್ನಡ ನೆಲದ್ದೇ ಇನ್ನೊಂದು ಸಾಕ್ಷಿಯಿದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ 2006ರಲ್ಲಿ ಸಿಪಿಎಂ ಗೆದ್ದಿತ್ತು. 2016ರಲ್ಲಿ ಅಲ್ಲಿ ಮುಸ್ಲಿಂ ಲೀಗಿನ ಅಬ್ದುಲ್ ರಜಾಕ್ ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು ಬರೀ 89 ಮತಗಳಿಂದ. ಮೂರನೆಯ ಸ್ಥಾನದ ಸಿಪಿಎಂಗೆ 42 ಸಾವಿರಕ್ಕೂ ಹೆಚ್ಚು ಮತ ಬಂದಿದ್ದವು. 2021ರಲ್ಲಿ ಅಂತರ 745, ಸಿಪಿಎಂಗೆ ಮತ್ತೆ 40 ಸಾವಿರ. ಧರ್ಮದ ಹೆಸರಿರುವ ಒಂದು ಪಕ್ಷ, ಧರ್ಮದ ರಾಜಕಾರಣದ ಇನ್ನೊಂದು ಪಕ್ಷ, ನಡುವೆ ತನ್ನದೇ ಪಕ್ಷ: ಸೆಕ್ಯುಲರ್ ಎಡಪಂಥೀಯನಿಗೆ ಇದಕ್ಕಿಂತ ಬಿಗಿಯಾದ ಇಕ್ಕಟ್ಟು ಕನ್ನಡ ನಾಡಿನಲ್ಲಿ ಎಲ್ಲೂ ಕಾಣುವುದಿಲ್ಲ. ಅಲ್ಲಿಯ 40 ಸಾವಿರ ಜನ ತಮ್ಮ ಕುಡುಗೋಲು ಸುತ್ತಿಗೆಗೇ ಒತ್ತಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಅವರಿಗೆ ಹತ್ತು ವರ್ಷ ಹಿಂದೆ ಗೆದ್ದ ಪಕ್ಷವಿತ್ತು, ಯೂನಿಯನ್ ಇತ್ತು, ರಾಜ್ಯದಲ್ಲಿ ಸರ್ಕಾರ ರಚಿಸುವ ಬಲವಿತ್ತು. ಇದೆಲ್ಲ ಇರುವಲ್ಲಿ ಸ್ವಂತ ಪಕ್ಷಕ್ಕೆ ಹಾಕುವುದು ಬೇಡಿಕೆಯನ್ನು ಜೀವಂತ ಇಡುವ ದಾರಿ. ಇದ್ಯಾವುದೂ ಇಲ್ಲದ ತೇರದಾಳದಲ್ಲೋ ಬೀಳಗಿಯಲ್ಲೋ ಅದೇ ನಡೆ ಕೇವಲ ಮೌನವಾಗುತ್ತದೆ. ನಮ್ಮದೇ ಜಿಲ್ಲೆಯ ಬಾದಾಮಿಯಲ್ಲಿ 2018ರಲ್ಲಿ ಸಿದ್ದರಾಮಯ್ಯನವರು ಗೆದ್ದ ಅಂತರ 1,696. ಜಮಖಂಡಿಯಲ್ಲಿ ಅದೇ ವರ್ಷ ನ್ಯಾಮಗೌಡರು ಮೂರು ಸಾವಿರಕ್ಕಿಂತ ಕಡಿಮೆ ಅಂತರದಿಂದ ಗೆದ್ದರು. ಕೆಲವೇ ದಿನಗಳಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡು, ನವೆಂಬರ್‌ನ ಉಪಚುನಾವಣೆಯಲ್ಲಿ ಕಾಂಗ್ರೆಸ್-ಜೆಡಿಎಸ್ ಒಂದಾದಾಗ ಮಗ ಆನಂದ ನ್ಯಾಮಗೌಡರ ಅಂತರ 39 ಸಾವಿರ ದಾಟಿತು. ಕೆಲವು ಓಣಿಗಳ ಮತ ಒಂದು ಕ್ಷೇತ್ರವನ್ನೇ ತಿರುಗಿಸುವಲ್ಲಿ, ಆ ಓಣಿಗಳಲ್ಲಿ ಕೂತು ತತ್ವದ ಹೆಸರಿನಲ್ಲಿ ಮತ ಚೆಲ್ಲುವುದನ್ನು ನಾನು ಸಮರ್ಥಿಸಲಾರೆ. 2013ರಿಂದ ಯಂತ್ರದ ಮೇಲೆ ನೋಟಾ ಗುಂಡಿಯೂ ಇದೆ. ಯಾರನ್ನೂ ಸೋಲಿಸಲಾಗದ ಗುಂಡಿ ಅದು. ನೇಕಾರನ ಕೋಪವನ್ನು ಎಣಿಸುತ್ತದೆ, ಮಜೂರಿಯ ಮಾತಿಗೆ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇನ್ನೂ ಹತ್ತಿರದ್ದು. ಎಡಪಂಥೀಯರ ಲೆಕ್ಕವೆಲ್ಲ ಸುತ್ತಿ ಬಳಸಿ ಕಾಂಗ್ರೆಸ್ಸಿಗೇ ಬಂದು ನಿಲ್ಲುತ್ತದೆ, ಹಾಗಿದ್ದರೆ ಬಿಜೆಪಿ ಏನೂ ಕೊಟ್ಟಿಲ್ಲವೇ ಎಂದು ಬನಹಟ್ಟಿಯ ನೇಕಾರರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. 2019ರಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಯಡಿಯೂರಪ್ಪನವರು ನೇಕಾರರ ಸಾಲ ಮನ್ನಾ ಘೋಷಿಸಿದರು. ನೇಕಾರ ಸಮ್ಮಾನ್ ಯೋಜನೆಯ ವರ್ಷದ 2,000 ರೂಪಾಯಿ ಮುಂದೆ 5,000 ಆಯಿತು. ಇದನ್ನು ಮರೆಮಾಚಿ ವಾದ ಕಟ್ಟಿದರೆ ಅದು ವಾದವಾಗುವುದಿಲ್ಲ. ನಟಿ ಉಮಾಶ್ರೀಯವರು ಕಾಂಗ್ರೆಸ್ಸಿನಿಂದ ತೇರದಾಳದಲ್ಲಿ 2013ರಲ್ಲಿ ಗೆದ್ದು ಮಂತ್ರಿಯಾದರೂ, 2008, 2018, 2023ರಲ್ಲಿ ಅದೇ ಕ್ಷೇತ್ರ ಬಿಜೆಪಿಯ ಸಿದ್ದು ಸವದಿಯವರನ್ನು ಆರಿಸಿತು. ಮಗ್ಗದ ಓಣಿಗಳು ಕಾರಣವಿಲ್ಲದೆ ಹಾಗೆ ಮಾಡಿಲ್ಲ. ಕಾಂಗ್ರೆಸ್ಸೂ ಎಡಪಕ್ಷವಲ್ಲ. 2020ರಲ್ಲಿ ಬಿಜೆಪಿ ಸರ್ಕಾರ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿತು. ಜತ್ತಿ ಸಮಿತಿಯಿಂದ ಫಾರಂ 7ರವರೆಗೆ ಕಟ್ಟಿದ್ದ ಬೇಲಿಯ ಒಂದು ಬದಿಯೇ ಬಿದ್ದುಹೋಯಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಬಿಜೆಪಿ ಕಾಲದ ಎಪಿಎಂಸಿ ತಿದ್ದುಪಡಿಯನ್ನು ಹಿಂತೆಗೆಯಲು ಹೊರಟಿತೇ ಹೊರತು ಭೂಮಿಯ ಕಲಂಗಳನ್ನು ಮರಳಿ ನೆಡಲಿಲ್ಲ. ಕಾರ್ಖಾನೆಗಳಲ್ಲಿ ದಿನಕ್ಕೆ 12 ತಾಸಿನ ದುಡಿಮೆಗೆ ಅವಕಾಶ ಕೊಟ್ಟ 2023ರ ಫೆಬ್ರವರಿಯ ತಿದ್ದುಪಡಿಯನ್ನೂ ಕಿತ್ತೊಗೆಯಲಿಲ್ಲ. ಸಾಲ ಮನ್ನಾ ಎರಡೂ ಪಕ್ಷ ಮಾಡುತ್ತವೆ, ಯಜಮಾನರ ಪರವಾದ ಕಾನೂನನ್ನು ಎರಡೂ ಉಳಿಸಿಕೊಳ್ಳುತ್ತವೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಸೆಕ್ಯುಲರ್ ಎಂಬ ಮಾತು ಇಲ್ಲಿ ಅಲಂಕಾರದ್ದಲ್ಲ, ಕೂಲಿಯ ಲೆಕ್ಕದೊಳಗಿನದು. ಈ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ದೇವರ ಮುಂದೆ ಹಿಂದೂ ಮನೆತನದವರು ಹರಕೆ ತೀರಿಸುತ್ತಾರೆ, ಮೊಹರಮ್ಮಿನ ರಿವಾಯತ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. ನೂಲಿನ ದರ ಏರಿದಾಗ ಎಲ್ಲ ಸಮಾಜದ ಮಗ್ಗವೂ ಒಂದೇ ದಿನ ನಿಲ್ಲುತ್ತದೆ. ನೇಕಾರರನ್ನು ಮೊದಲು ಹಿಂದೂ, ಮೊದಲು ಮುಸ್ಲಿಮ್ ಎಂದು ವಿಂಗಡಿಸಿದ ದಿನ ಮಜೂರಿಯ ಮಾತುಕತೆಯಲ್ಲಿ ಮಾಲೀಕನ ಎದುರು ಕೂರುವ ಸಾಲು ಅರ್ಧವಾಗುತ್ತದೆ. ಹೀಗಾಗಿ ಕೋಮುದ್ವೇಷದ ಮೇಲೆ ಮತ ಕೇಳುವ ಅಭ್ಯರ್ಥಿ ಎಷ್ಟೇ ಸಾವಿರ ಕೊಟ್ಟರೂ ನನ್ನ ಲೆಕ್ಕದಲ್ಲಿ ಸೋಲಬೇಕು, ಅವನು ಯಾವ ಪಕ್ಷದವನೇ ಇರಲಿ. ಸೆಕ್ಯುಲರ್ ಎಂದು ಹೇಳಿಕೊಳ್ಳುವವರೂ ಈ ಪರೀಕ್ಷೆಯಲ್ಲಿ ಸದಾ ಪಾಸಾಗಿಲ್ಲ. 2018ರ ಮಾರ್ಚ್‌ನಲ್ಲಿ, ಚುನಾವಣೆ ಎರಡೇ ತಿಂಗಳಿದ್ದಾಗ, ಸಿದ್ದರಾಮಯ್ಯನವರ ಸರ್ಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಲು ಶಿಫಾರಸು ಮಾಡಿತು. ಆ ಪ್ರಶ್ನೆಗೆ ಚರಿತ್ರೆಯ, ತತ್ವದ ನ್ಯಾಯವಿದೆ ಎಂದೇ ನಾನು ನಂಬುತ್ತೇನೆ. ಆದರೆ ಅದು ಬಂದ ಹೊತ್ತು ಅದನ್ನು ಮತದ ಸರಕಾಗಿಸಿತು. ಬಾಗಲಕೋಟೆ ಜಿಲ್ಲೆ ಏಳರಲ್ಲಿ ಐದು ಸ್ಥಾನ ಬಿಜೆಪಿಗೆ ಕೊಟ್ಟಿತು. ಇತ್ತ 2022ರಲ್ಲಿ ಸಮಾನತೆಯ ಹೆಸರಿನಲ್ಲೇ ತಲೆವಸ್ತ್ರ ತೊಟ್ಟ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಲಾಯಿತು, ಅತ್ತ ಕೆನಡಾದ ಕ್ವಿಬೆಕ್‌ನಲ್ಲಿ 2019ರ ಕಾನೂನು ಸೆಕ್ಯುಲರ್ ತತ್ವದ ಹೆಸರಿನಲ್ಲೇ ಶಿಕ್ಷಕಿಯರ ತಲೆವಸ್ತ್ರ ತೆಗೆಸಿತು. ಪಾಠ ಕಲಿಯಲು ಬಂದವಳನ್ನು, ಕಲಿಸಲು ಬಂದವಳನ್ನು ಹೊರಗಿಡುವ ಸೆಕ್ಯುಲರಿಸಂ ಬಡವರ ಕೈಯಿಂದ ಒಂದು ಉದ್ಯೋಗವನ್ನೋ ಒಂದು ಬೆಂಚನ್ನೋ ಕಸಿಯುತ್ತದೆ. ಎಡಪಂಥೀಯರು ಅದನ್ನು ತಮ್ಮದೆಂದು ಒಪ್ಪಿಕೊಳ್ಳಬಾರದು.

2023ರ ಮೇ ತಿಂಗಳಲ್ಲಿ ಜಿಲ್ಲೆಯ ಲೆಕ್ಕ ತಿರುವುಮುರುವಾಯಿತು, ಏಳರಲ್ಲಿ ಐದು ಕಾಂಗ್ರೆಸ್ಸಿಗೆ. ಮುಧೋಳದಲ್ಲಿ ಆರ್.ಬಿ. ತಿಮ್ಮಾಪುರ, ಬೀಳಗಿಯಲ್ಲಿ ಜೆ.ಟಿ. ಪಾಟೀಲ ಗೆದ್ದರು. ಹಿಂದಿನ ಸಲ ಅಲೆಗೆ ಎದುರಾಗಿ ಕಾಂಗ್ರೆಸ್ಸನ್ನು ಆರಿಸಿದ್ದ ಜಮಖಂಡಿ ಈ ಸಲವೂ ಅಲೆಗೆ ಎದುರಾಗಿ ಬಿಜೆಪಿಯ ಜಗದೀಶ ಗುಡಗುಂಟಿಯವರನ್ನು ಆರಿಸಿತು. ಮರುವರ್ಷ ಅದೇ ಜಿಲ್ಲೆ ಲೋಕಸಭೆಗೆ ಬಿಜೆಪಿಯ ಪಿ.ಸಿ. ಗದ್ದಿಗೌಡರನ್ನು ಸತತ ಐದನೇ ಸಲ ಗೆಲ್ಲಿಸಿ ಕಳಿಸಿತು. ಎಡ ಮತದಾರನಿಗೆ ಈ ಅಂಕಿಗಳಲ್ಲಿ ಸಂಭ್ರಮಿಸುವಂಥದ್ದೂ ಇಲ್ಲ, ಹತಾಶೆಪಡುವಂಥದ್ದೂ ಇಲ್ಲ. ಒಬ್ಬನೇ ಮತದಾರ ಎರಡು ಸರ್ಕಾರಗಳನ್ನು ಬೇರೆ ಬೇರೆ ತಕ್ಕಡಿಯಲ್ಲಿ ತೂಗುವ ಅಭ್ಯಾಸ 1985ರಿಂದ ಇಲ್ಲಿಯವರೆಗೆ ಮುಕ್ಕಾಗಿಲ್ಲ ಎಂಬುದಷ್ಟೇ ಅವು ಹೇಳುವ ಮಾತು. 2023ರ ಆ ಚುನಾವಣೆಯಲ್ಲಿ ಕಾಂಗ್ರೆಸ್ಸು 10 ಎಚ್‌ಪಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ತಿನ ಭರವಸೆ ಕೊಟ್ಟಿತ್ತು. ಗೆದ್ದ ಮೇಲೆ ಹೊರಬಿದ್ದ ಆದೇಶ ತಿಂಗಳಿಗೆ 250 ಯೂನಿಟ್ ಎಂದು ಮಿತಿ ಹಾಕಿತು. ಹಗಲಿರುಳು ಪಾಳಿಯಲ್ಲಿ ಓಡುವ ನಾಲ್ಕು ಮಗ್ಗದ ಮನೆಯಲ್ಲಿ ಮೀಟರು ಆ ಗೆರೆ ದಾಟಲು ಹೆಚ್ಚು ದಿನ ಬೇಕಾಗುವುದಿಲ್ಲ. ದಾಟಿದ ಮೇಲಿನ ಪ್ರತಿ ಯೂನಿಟ್ಟೂ ಈಗ ಮಾತುಕತೆಯ ವಿಷಯ. ಆ ಮಾತುಕತೆಗೆ ಬಾಗಿಲು ತೆರೆದಿದೆಯೇ, ಬೀದಿಗಿಳಿದವರಿಗೆ ಲಾಠಿ ಕಾದಿದೆಯೇ, ಒಪ್ಪಿದ್ದು ಆದೇಶವಾಗಿ ಹೊರಬೀಳುತ್ತದೆಯೇ ಎಂದು ಮಗ್ಗದ ಮನೆಗಳು ನೋಡುತ್ತಿವೆ. ಅವರ ಮುಂದಿನ ಮತದ ಲೆಕ್ಕ ಆ ಮೀಟರಿನ ಕೆಳಗೇ ಶುರುವಾಗಿದೆ.